ಗುರುವಾರದ ಹೆಂಗಸು

ಐನಾರ್‌ನನ್ನು ಮಣ್ಣು ಮಾಡಿ ಬಂದು, ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರೂ ಊಟಕ್ಕೆ ಕೂರುವ ಹೊತ್ತಿಗೆ ನಾವು ಐದು ಜನ ಒಂದು ಎಡವಟ್ಟು ಮಾಡಿಬಿಟ್ಟೆವು. ಸುಮ್ಮನೆ ಕೈಕಟ್ಟಿ ನಿಲ್ಲುವುದೇಕೆಂದು ಮಡಿಸಿಟ್ಟ ಕುರ್ಚಿಗಳನ್ನು ತಂದು ಹಾಕಿದೆವು, ಅದೇನೋ ಸರಿ. ಆದರೆ ಮೇಜುಗಳ ಸುತ್ತ ಹಾಕದೆ, ಕೋಣೆಯ ನಡುವೆ ದುಂಡಗೆ ಜೋಡಿಸಿಟ್ಟೆವು. ಪಾದ್ರಿ ಕೆಮ್ಮಿದ ಮೇಲೇ ನಮಗೆ ಎಚ್ಚರವಾದದ್ದು.

ಪ್ರತಿ ಗುರುವಾರ ಸಂಜೆ ಆ ಕುರ್ಚಿಗಳು ದುಂಡಗೇ ಇರುತ್ತವೆ. ಕುಡಿತ ಬಿಟ್ಟವರು, ಬಿಡಲು ಹೆಣಗುತ್ತಿರುವವರು ಅಲ್ಲಿ ಕಾಫಿ ಕುಡಿಯುತ್ತ ಕೂತು ಒಬ್ಬರ ಕಷ್ಟ ಒಬ್ಬರು ಕೇಳುತ್ತೇವೆ. ಡಾಕ್ಟರಿಲ್ಲ, ಯಜಮಾನನಿಲ್ಲ. ಮಾತಾಡುವವರು ಮೊದಲು ಹೆಸರು ಹೇಳಿ, ತಾನು ಕುಡುಕ ಅನ್ನಬೇಕು. ಉಳಿದವರು ಹೆಸರು ಹಿಡಿದು ನಮಸ್ಕಾರ ಹೇಳಬೇಕು. ಅಲ್ಲಿಗೆ ಯಾರು ಬಂದರು, ಏನಂದರು ಎಂಬುದು ಮೆಟ್ಟಿಲು ಹತ್ತಿ ಮೇಲೆ ಬರಕೂಡದು. ಸತ್ತವರ ವಿಷಯವೂ ಅಷ್ಟೇ. ಮಿನೆಸೋಟಾದ ಈ ಗಣಿ ಊರುಗಳಲ್ಲಿ ಗುಟ್ಟೆಂಬುದು ಬೆಳಗಾಗುವುದರೊಳಗೆ ಪೇಟೆ ಸುತ್ತಿ ಬರುತ್ತದೆ. ಈ ಕಟ್ಟಳೆ ಇಲ್ಲದಿದ್ದರೆ ನಮ್ಮಲ್ಲಿ ಅರ್ಧ ಜನ ಇತ್ತ ತಲೆಯೇ ಹಾಕುತ್ತಿರಲಿಲ್ಲ.

ಕುಡಿತ ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ ಐನಾರ್ ದೂರದೂರಿನ ಮಾರ್ಲಿಸಳನ್ನು ಮದುವೆಯಾಗಿ ಅವಳ ಊರಲ್ಲೇ ನೆಲೆಸಿದ. ಹಳೆಯ ಕಥೆ ಅವಳಿಗೆ ಗೊತ್ತಿರಲಿಲ್ಲ. ಹೇಳಿಬಿಡೋ ಮಾರಾಯ ಎಂದು ನಾವು ಎಷ್ಟು ಬಡಕೊಂಡರೂ ಅವನಿಗೆ ನಾಚಿಕೆ. ಗುರುವಾರ ಇಸ್ಪೀಟಾಟ ಎಂದು ಹೇಳಿ ಬರುತ್ತಿದ್ದ. ನನ್ನ ಮನೆ ದಾರಿಯಲ್ಲೇ ಇದ್ದುದರಿಂದ ನನ್ನನ್ನೂ ಕಾರಿಗೆ ಹತ್ತಿಸಿಕೊಳ್ಳುತ್ತಿದ್ದ. ಯಾರೋ ಪುಣ್ಯಾತ್ಮರು ಅದನ್ನು ನೋಡಿ, ಕಾರಲ್ಲಿ ಒಬ್ಬ ಹೆಂಗಸಿದ್ದಾಳೆಂದು ಮಾರ್ಲಿಸಳ ಕಿವಿ ಊದಿದ್ದರು. ಸಾಲದ್ದಕ್ಕೆ, ತಾನು ಸತ್ತರೆ ಈ ಚರ್ಚಿನಿಂದಲೇ ಮಣ್ಣು ಮಾಡಬೇಕೆಂದು ಹೇಳಿಟ್ಟಿದ್ದ. ತಮ್ಮೂರ ಚರ್ಚು ಬಿಟ್ಟು ಇಷ್ಟು ದೂರ ಯಾಕೆಂದು ಮಾತ್ರ ಹೇಳಿರಲಿಲ್ಲ.

ಮಾರ್ಲಿಸ್ ಕುರ್ಚಿಗಳನ್ನೂ ನೋಡಿದಳು, ನಮ್ಮನ್ನೂ ನೋಡಿದಳು. ಆಮೇಲೆ ನಾನು ಗುರುವಾರದ ರೂಢಿಯಲ್ಲಿ, ಯಾರನ್ನೂ ಕೇಳದೆ ಒಲೆಯ ಮೇಲಿನ ಕಪಾಟಿನಿಂದ ಸಕ್ಕರೆ ಡಬ್ಬಿ ತೆಗೆದೆ. ಅವಳು ಎದ್ದು ಬಂದಳು.

"ನೀನು ಈ ಚರ್ಚಿನೋಳಾ?"

ಅಲ್ಲ ಎಂದೆ.

"ಗುರುವಾರ ಅವನ ಕಾರಲ್ಲಿ ಕೂರ್ತಿದ್ದೋಳು ನೀನೇ ತಾನೆ?"

ದನಿ ಏರಿಸಲಿಲ್ಲ. ಆದರೂ ಕೋಣೆಯ ಚಮಚಗಳೆಲ್ಲ ನಿಂತವು.

ನಿಜ ಹೇಳಿದರೆ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು. ಆ ಮಾತು ನನ್ನದಲ್ಲ, ಐನಾರ್‌ನದು. ಅವನು ಅದನ್ನು ಗುಂಡಿಗೆ ಒಯ್ದಿದ್ದ. ಸುಮ್ಮನಿದ್ದರೆ ಈ ಹೆಂಗಸು ಗಂಡನಿಂದ ಮೋಸಹೋದವಳಾಗಿಯೇ ಉಳಿದ ಆಯುಷ್ಯ ಕಳೆಯಬೇಕು. ಮಣ್ಣು ಹಾಕುವಾಗಲೂ ಅವಳ ಕಣ್ಣಲ್ಲಿ ನೀರಿರಲಿಲ್ಲ. ನನಗೆ ಐನಾರ್ ಮೇಲೆ ಸಿಟ್ಟು ಬಂತು. ತಾನು ಆರಾಮಾಗಿ ಮಲಗಿದ, ಇಲ್ಲಿ ನಿಂತು ಉತ್ತರ ಕೊಡಬೇಕಾದವಳು ನಾನು. ಪಕ್ಕದ ಮೇಜಿನಲ್ಲಿ ಬೇರೆ ನಮ್ಮ ಶಾಲೆಯ ಹೆಡ್ ಮೇಡಂ ಕೂತಿದ್ದರು. ನಾನು ಅಡುಗೆ ಮಾಡಿ ಹಾಕುವುದು ಅವರ ಶಾಲೆಯ ಮಕ್ಕಳಿಗೆ. ಇರಲಿ. ಅವನ ಗುಟ್ಟು ಅವನದು, ನನ್ನ ಗುಟ್ಟು ನನ್ನದು ತಾನೆ?

"ಹೌದು, ನಾನೇ," ಎಂದೆ. "ನನ್ನ ಹೆಸರು ಬೆರ್ನಿಸ್. ನಾನು ಕುಡುಕಿ."

"ನಮಸ್ಕಾರ, ಬೆರ್ನಿಸ್."

ಕೋಣೆಯ ನಾಲ್ಕು ಕಡೆಯಿಂದ ಒಟ್ಟಿಗೇ ಬಂತು. ಮರದ ಮಿಲ್ಲಿನ ಡುವೇನ್ ಅಂತೂ ಬಾಯಿ ತುಂಬ ಬ್ರೆಡ್ಡು ಇಟ್ಟುಕೊಂಡೇ ಅಂದಿದ್ದ. ಅಭ್ಯಾಸ ಬಲ, ಏನು ಮಾಡುವುದು. ಅಂದ ಮೇಲೆ ನಾಲ್ವರ ಮುಖವೂ ಕೆಂಪಾಯಿತು. ಹೆಡ್ ಮೇಡಂ ತಟ್ಟೆಯನ್ನೇ ನೋಡುತ್ತ ಕೂತರು.

"ಪ್ರತಿ ಗುರುವಾರ ಇದೇ ಕೋಣೆಗೆ ಬರ್ತೀನಿ, ಕುಡೀದೆ ಇರೋಕೆ," ಎಂದೆ. "ಬೇರೆಯೋರ ವಿಷಯ ನಾನು ಹೇಳೋ ಹಾಗಿಲ್ಲ."

ಮಾರ್ಲಿಸ್ ಆ ನಾಲ್ವರನ್ನೂ ಒಬ್ಬೊಬ್ಬರಾಗಿ ನೋಡಿದಳು. ಬಾಯಿ ತೆರೆದಳು. ಕೇಳಬೇಡಿ ಎಂಬಂತೆ ನಾನು ತಲೆಯಾಡಿಸಿದೆ. ಅವಳಿಗೆ ಅರ್ಥವಾಯಿತು, ಕೇಳಲಿಲ್ಲ. ಹತ್ತಿರದ ಕುರ್ಚಿಯಲ್ಲಿ ಕುಸಿದು ಕೂತಳು.

"ಗುರುವಾರ ಅವನ ಬಾಯಿಂದ ಕಾಫಿ ವಾಸನೆ ಬರ್ತಿತ್ತು. ಅವಳ ಮನೇಲಿ ಕುಡ್ಕೊಂಡು ಬರ್ತಾನೆ ಅಂತ ನಾನು ಮನೇಲಿ ಕಾಫಿ ಮಾಡೋದೇ ಬಿಟ್ಟೆ. ಹಠಕ್ಕೆ ಬರೀ ಟೀ ಕೊಟ್ಟೆ. ಯಾಕೆ ಅಂತ ಒಂದಿನಾನೂ ಕೇಳ್ಲಿಲ್ಲ ಅವನು."

ಕಟ್ಟಳೆ ನೆನಪಿತ್ತು. ಮುರಿದೆ.

"ನಿಮ್ಮ ಟೀ ಅಂದ್ರೆ ಅವನಿಗೆ ಪ್ರಾಣ, ಮಾರ್ಲಿಸ್. ಹೊಗಳಿ ಹೊಗಳಿ ನಮ್ಮ ತಲೆ ತಿಂತಿದ್ದ," ಎಂದೆ. "ಎಲ್ಲಿ ಹೊಗಳ್ತಿದ್ದ ಅಂತ ಮಾತ್ರ ಕೇಳಬೇಡಿ."

ಆಗ ಅವಳು ನನ್ನ ತೋಳು ಹಿಡಿದುಕೊಂಡು ಅತ್ತಳು.