ಒಂಬತ್ತನೇ ದಿನದ ಸೆಂಟ್ರಿಂಗ್

ಸಮುದಾಯ ಭವನ ಕುಸಿದು ಹನ್ನೊಂದು ಜನ ಸತ್ತದ್ದು ಹೇಗೆಂದು ಆ ಊರಲ್ಲಿ ಯಾರನ್ನಾದರೂ ಕೇಳಿ ನೋಡಿ, 'ಗಾಳಿಗೆ ಬಿತ್ತು' ಅನ್ನುತ್ತಾರೆ. ಸ್ಮಾರಕದ ಕಲ್ಲಿನ ಮೇಲೂ ಹಾಗೇ ಕೆತ್ತಿಸಿದ್ದಾರೆ. ಪಾಪ, ಗಾಳಿಗೆ ಬಾಯಿಲ್ಲವಲ್ಲ, ಏನು ಹೊರಿಸಿದರೂ ಹೊತ್ತುಕೊಳ್ಳುತ್ತದೆ.

ಆವತ್ತು ಒಂದು ಎಲೆಯೂ ಅಲುಗಾಡಿರಲಿಲ್ಲ. ಅದು ಯತ್ತಪ್ಪನಿಗೆ ಗೊತ್ತು. ಮತ್ತೋಡು ಕಡೆಯ ಹಟ್ಟಿಯಲ್ಲಿ ಕುರಿ ಮಾರಿ ಗಾರೆ ಕೆಲಸ ಹಿಡಿದವನು ಅವನು. ತಾರಸಿ ಹಾಕಿದ ಮೇಲೆ ಕೆಳಗೆ ಆನಿಸಿದ ಸೆಂಟ್ರಿಂಗ್ ಮರಗಳು ಇಪ್ಪತ್ತೊಂದು ದಿನವಾದರೂ ನಿಲ್ಲಬೇಕು. ಆದರೆ ಆಷಾಢ ಬಾಗಿಲಿಗೆ ಬಂದಿತ್ತು. ಆಷಾಢದಲ್ಲಿ ಯಾರಾದರೂ ಉದ್ಘಾಟನೆ ಮಾಡುತ್ತಾರೆಯೇ? ಊರಿಗೆ ಊರೇ ಅವಸರ ಮಾಡಿತು. "ಬಿಚ್ಚಲೇ, ನಾನಿದೀನಿ" ಅಂದ ಗುತ್ತಿಗೆದಾರ ಶಿವಕುಮಾರಪ್ಪ. ಒಂಬತ್ತನೇ ದಿನ ಯತ್ತಪ್ಪ ಬಿಚ್ಚಿದ. ಅದಾದ ಮೂರನೇ ದಿನ, ಉದ್ಘಾಟನೆಯ ಪೂಜೆ ನಡೆಯುವಾಗಲೇ ತಾರಸಿ ಕುಸಿದು ಬಿತ್ತು. ಅದೇ ಯತ್ತಪ್ಪ ಬರಿಗೈಯಲ್ಲಿ ಸಿಮೆಂಟು, ಕಂಬಿ ಸರಿಸಿ ಆರು ಜನರನ್ನು ಜೀವಸಹಿತ ಎಳೆದು ತಂದ. ಅಲ್ಲಿಂದಾಚೆ ಊರಿಗೆ ಅವನು ದೇವರಂಥ ಮನುಷ್ಯ. ಪ್ರತಿ ವರ್ಷ ಸತ್ತವರ ನೆನಪಿನ ದಿನ ಅವನಿಗೊಂದು ಶಾಲು. ಆರು ಶಾಲು ಪೆಟ್ಟಿಗೆಯಲ್ಲಿದ್ದವು, ಒಂದನ್ನೂ ಹೊದ್ದವನಲ್ಲ.

ಈ ವರ್ಷ ಹೇಳಿಯೇ ಬಿಡುವುದೆಂದು ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದ. ಶಾಲು ಹೊದಿಸಿದ ಶಿವಕುಮಾರಪ್ಪನೇ ಮೈಕು ಕೈಗಿಟ್ಟ. "ಎಲ್ಡು ಮಾತಾಡಲೇ ಯತ್ತಪ್ಪ."

ಮುಂದಿನ ಸಾಲಿನಲ್ಲಿ ಅನ್ನಪೂರ್ಣಮ್ಮ ಕೂತಿದ್ದರು. ಮಗಳು ತೇಜಸ್ವಿನಿಯನ್ನು ಆ ತಾರಸಿಯ ಕೆಳಗೇ ಕಳೆದುಕೊಂಡವರು. ರೆಪ್ಪೆ ಬಡಿಯದೆ ಇವನನ್ನೇ ನೋಡುತ್ತಿದ್ದರು. ಯತ್ತಪ್ಪ ಆಚೆ ನೋಡಿಕೊಂಡು, "ಏನ್ ಮಾಡಾಕಾಗ್ತೈತೆ. ಗಾಳಿ ಜೋರಿತ್ತು" ಅಂದ. ಚಪ್ಪಾಳೆ ಬಿತ್ತು. ಥೂ, ನನ್ನ ಜನ್ಮಕ್ಕಿಷ್ಟು ಅಂದುಕೊಂಡು ಕೆಳಗಿಳಿದ.

ಜನ ಊಟಕ್ಕೆ ಎದ್ದ ಮೇಲೆ ಅನ್ನಪೂರ್ಣಮ್ಮ ಅವನ ಹತ್ತಿರ ಬಂದರು.

"ಮರ ಬಿಚ್ಚಿದ್ದು ನೀನೇ ಅಲ್ಲೇನಪ್ಪ?"

"ನಿಮ್ಗ್ಯಾರು ಹೇಳಿದ್ರವ್ವಾ?"

"ಹೇಳೋದೇನು, ನಾನೇ ನೋಡಿದ್ದೆ. ಅದೇ ದಾರಿಯಾಗೆ ಹೊಂಟಿದ್ದೆ. ಇನ್ನೂ ಹಸೀ ಐತಲ್ಲ ಅಂತ ಅನ್ನಿಸ್ತು ಕಣಪ್ಪ. ಆದ್ರೂ ಸದ್ಯ, ಆಷಾಢದೊಳಗೆ ಮುಗೀತಲ್ಲ ಅಂತ ಖುಷಿಪಟ್ಟೆ. ಹೊಸ ಸೀರೆ ಉಟ್ಕಳೇ ತೇಜು, ಪೂಜೆಗೆ ಹೋಗಾಣ ಅಂದೋಳು ನಾನೇ."

ಯತ್ತಪ್ಪ ಕಾಲು ಹಿಡಿಯಲು ಬಗ್ಗಿದ. ಅವರು ಹಿಂದೆ ಸರಿದರು.

"ಕಾಲು ಬ್ಯಾಡ. ನೀನು ಬಾಯಿ ಬಿಟ್ರೆ ನಾನೂ ಎದ್ದು ಹೇಳಾಣ ಅಂತ ಏಳು ವರ್ಷದಿಂದ ಮುಂದ್ಗಡೇನೇ ಬಂದು ಕುಂತ್ಕಂತೀನಿ. ನೀನು ಬಾಯಿ ಬಿಡಲ್ಲ, ನಂಗೆ ಧೈರ್ಯ ಇಲ್ಲ. ನಡಿ, ಉಣ್ಣಾಣ. ಪಾಯಸ ಮಾಡ್ಸವ್ರಂತೆ."