ಮುಂಚಿನ ಮುಖ, ಆಮೇಲಿನ ಮುಖ

ಚರ್ಮದ ಡಾಕ್ಟರು ದೀಪವನ್ನು ಗುಮ್ರಾನಳ ಕೆನ್ನೆಯ ಹತ್ತಿರಕ್ಕೆ ಎಳೆದು, ಬಹಳ ಹೊತ್ತು ನೋಡಿ, "ಇನ್ನು ಮುಖಕ್ಕೆ ಏನೂ ಹಚ್ಬೇಡಿ" ಎಂದರು.

"ಏನೂ ಅಂದ್ರೆ?"

"ಏನೂ ಅಂದ್ರೆ ಏನೂ. ಉಗುರುಬೆಚ್ಚಗಿನ ನೀರಲ್ಲಿ ತೊಳೀರಿ. ಬಿಗಿ ಅನ್ಸಿದ್ರೆ ಸಾದಾ ಮುಲಾಮು ಒಂದು ಬರ್ಕೊಡ್ತೀನಿ. ಹೊರಗೆ ಹೋಗೋವಾಗ ಬಿಸಿಲಿಗೊಂದು ಕ್ರೀಮು. ಅಷ್ಟೇ. ನಿಮ್ಮ ಚರ್ಮಕ್ಕೆ ಬಂದಿರೋದು ರೋಗ ಅಲ್ಲ, ಅತಿಯಾದ ಉಪಚಾರ."

ಮುಖ ಉರಿಯುತ್ತಿದ್ದರೂ ಗುಮ್ರಾನಳಿಗೆ ನಗು ಬಂತು. ಟೋಪಿ, ಕಪ್ಪು ಕನ್ನಡಕ, ಮಾಸ್ಕು ಎಲ್ಲವನ್ನೂ ಮತ್ತೆ ಏರಿಸಿಕೊಂಡು ಹೊರಗೆ ಬಂದು ಎಷ್ಟಾಯ್ತು ಎಂದು ಕೇಳಿದರೆ, ಔಷಧಿ ಚೀಟಿ ಕೊಡುವ ಹುಡುಗಿ ದನಿಯಲ್ಲೇ ಗುರುತು ಹಿಡಿದುಬಿಟ್ಟಳು. "ಅಯ್ಯೋ, ನೀವು ಇಬ್ಬನಿಯೋರಲ್ವಾ? ನಮ್ಮಮ್ಮ ಬೆಳಗ್ಗೆ ಎದ್ರೆ ನಿಮ್ ಹೆಸರು ಹೇಳ್ಕೊಂಡೇ ಹಚ್ಚೋದು!"

ಇಬ್ಬನಿ ಎಂಬುದು ಒಂದು ಪೆಟ್ಟಿಗೆ. ಅದರೊಳಗೆ ಮುಖ ತೊಳೆಯುವ ಎಣ್ಣೆಯಿಂದ ಹಿಡಿದು ಮಲಗುವಾಗ ಹಚ್ಚುವ ಲೇಪದವರೆಗೆ ಒಂದರ ಮೇಲೊಂದು ಬಳಿಯಬೇಕಾದ ಸೀಸೆಗಳು. ಟೀವಿಯ ಮಾರಾಟದ ಚಾನಲ್ಲಿನಲ್ಲಿ ಗುಮ್ರಾನ್ ಅವನ್ನು ಸಾಲಾಗಿ ಹಚ್ಚಿಕೊಂಡು ತೋರಿಸುತ್ತಾಳೆ. ನೋಡುವವರು ಮನೆಯಿಂದಲೇ ಫೋನು ಮಾಡಿ ಕೊಳ್ಳುತ್ತಾರೆ. ಐವತ್ತು ತುಂಬಿದ ಹೆಂಗಸಿಗೆ ಮೂವತ್ತರ ಕೆನ್ನೆ! ಅದನ್ನು ಕಂಡ ಮೇಲೆ ಸಿಯೋಲ್‌ನ ಯಾವ ಗೃಹಿಣಿ ಸುಮ್ಮನೆ ಕೂರುತ್ತಾಳೆ?

ಆ ಕೆನ್ನೆ ಇಬ್ಬನಿಗಿಂತ ಹಳೆಯದು ಎಂಬುದನ್ನು ಯಾರೂ ಹೇಳುತ್ತಿರಲಿಲ್ಲ. ಗುಮ್ರಾನ್ ಮೊದಲು ಅದೇ ಕಂಪನಿಯ ಶೆಡ್ಡಿನಲ್ಲಿ ಗಂಡ ಇನ್‌ಸುವಿನ ಜೊತೆ ಪೆಟ್ಟಿಗೆಗಳಿಗೆ ಟೇಪು ಅಂಟಿಸುತ್ತಿದ್ದಳು. ಐದು ವರ್ಷದ ಹಿಂದೆ ಒಂದು ದಿನ ಶೆಡ್ಡು ನೋಡಲು ಬಂದ ಯೊಮ್ ಹ್ಯೆಜಿನ್, ಕಾರ್ಯಕ್ರಮದ ಯಜಮಾನಿ, ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. ಆಗ ಗುಮ್ರಾನ್ ಹಚ್ಚುತ್ತಿದ್ದದ್ದು ಬಚ್ಚಲಿನ ಸೋಪು, ಚಳಿಗಾಲದಲ್ಲಿ ಒಂದಿಷ್ಟು ವ್ಯಾಸಲೀನು.

ಆವತ್ತಿನಿಂದ ಅವಳ ಮುಖ ಅವಳದಲ್ಲ. ಕರಾರಿನಲ್ಲಿ ಹಾಗೆಯೇ ಬರೆದಿತ್ತು, ಅದು ಮುಗಿಯಲು ಇನ್ನೂ ಒಂದು ವರ್ಷಕ್ಕಿಂತ ಹೆಚ್ಚಿತ್ತು. ಬಿಸಿಲಿಗೆ ಬೀಳುವಂತಿಲ್ಲ. ಖಾರ, ಉಪ್ಪು ಮುಟ್ಟುವಂತಿಲ್ಲ. ಅಂಗಾತ ಮಲಗಬೇಕು, ಮಗ್ಗುಲಾದರೆ ದಿಂಬಿನ ಗೆರೆ ಮೂಡುತ್ತದೆ. ಊರಿನ ಸಾರ್ವಜನಿಕ ಬಚ್ಚಲುಮನೆಗಳಿಗೆ, ನಾಲ್ಕು ಜನ ಹೆಂಗಸರು ಬಿಸಿನೀರಿನಲ್ಲಿ ಕುಳಿತು ಒಬ್ಬರ ಬೆನ್ನು ಒಬ್ಬರು ಉಜ್ಜುವ ಕಡೆಗೆ, ಹೋಗಲೇಬಾರದು. ಇನ್‌ಸು ಕೂಡ ಹೆಂಡತಿಯ ಕೆನ್ನೆ ಮುಟ್ಟುವುದನ್ನು ಮರೆತಿದ್ದ. ಮುಟ್ಟಿದರೆ ಬೆರಳು ಜಾರುತ್ತಿತ್ತು.

ಡಾಕ್ಟರ ಮಾತನ್ನು ಗುಮ್ರಾನ್ ಯೊಮ್‌ಗೆ ಹೇಳಿದಳು. ಯೊಮ್ ಕೂಗಾಡುವ ಹೆಂಗಸಲ್ಲ. ಅವಳ ಕೈ ಹಿಡಿದುಕೊಂಡು, "ಅಕ್ಕ, ನಂಗೂ ಕಣ್ಣಿದೆ. ಆದ್ರೆ ಚುಸೊಕ್ ಸುಗ್ಗಿ ಹಬ್ಬ ಎದುರಿಗಿದೆ. ಈಗ ನೀವು ಕೂರ್ಲಿಲ್ಲ ಅಂದ್ರೆ ಶೆಡ್ಡಿಗೆ ಬೀಗ. ಇನ್‌ಸು ಅಣ್ಣ ಎಲ್ಲಿಗೆ ಹೋಗ್ತಾರೆ? ನಿಮ್ ಹಳೇ ಗೆಳತೀರು ಎಲ್ಲಿಗೆ ಹೋಗ್ತಾರೆ?" ಎಂದಳು.

ಗುಮ್ರಾನ್ ಹೋಗಿ ಕನ್ನಡಿಯ ಎದುರು ಕುಳಿತಳು. ಬಣ್ಣ ಹಚ್ಚುವ ಸೊಡಮ್ ಉರಿಯುವ ಕೆನ್ನೆಯ ಮೇಲೆ ಕೆಂಪು ಮುಚ್ಚುವ ಹಸಿರು ಪುಡಿ, ಅದರ ಮೇಲೆ ಹಳದಿ, ಅದರ ಮೇಲೆ ಚರ್ಮದ ಬಣ್ಣ ಬಳಿದು ಕೂರಿಸಿದಳು. ಆ ವಾರ ಕಾರ್ಯಕ್ರಮದ ಮಧ್ಯೆಯೇ ಗಲ್ಲದ ಹತ್ತಿರ ಸಿಪ್ಪೆ ಎದ್ದಿತು. ಕ್ಯಾಮೆರಾದವನು ತಟ್ಟನೆ ಸೀಸೆಗಳ ಕಡೆ ತಿರುಗಿಸಿದ್ದರಿಂದ ಮಾನ ಉಳಿಯಿತು.

ಮರುದಿನ ಹುಟ್ಟೂರು ನೊನ್‌ಸಾನ್‌ನಿಂದ ತಂಗಿ ಓಕ್ರಾನ್ ಬಂದಳು. ಅರ್ಧ ಗಂಟೆಯ ಅಂತರದಲ್ಲಿ ಹುಟ್ಟಿದ ಅವಳಿ ತಂಗಿ. ಅಲ್ಲಿನ ಪೇಟೆಯಲ್ಲಿ ಅಕ್ಕಿಯ ಕಡುಬು ಬೇಯಿಸಿ ಮಾರುವವಳು. ತೋಳಿನ ತುಂಬ ಬಿಸಿ ಕಡುಬಿನ ಗಂಟು ಹೊತ್ತುಕೊಂಡು ಚಾನಲ್ಲಿನ ಬಾಗಿಲಿಗೇ ಬಂದುಬಿಟ್ಟಳು.

"ನಿನ್ನೆ ಟೀವಿ ನೋಡ್ದೆ ಕಣಕ್ಕ. ಮೂತಿ ಯಾಕಂಗೆ ಬೆಂದ ಬದ್ನೇಕಾಯಿ ಥರ ಊದ್ಕಂಡದೆ? ಊಟ ಆಕ್ತಾರೋ ಇಲ್ವೋ ಇಲ್ಲಿ?"

ಯೊಮ್ ಆ ಹೊತ್ತಿಗೆ ಮೆಟ್ಟಿಲಿಳಿದು ಬಂದಳು. ಓಕ್ರಾನಳನ್ನು ನೋಡಿದಳು. ಗುಮ್ರಾನಳನ್ನು ನೋಡಿದಳು. ಒಂದೇ ಹಣೆ, ಒಂದೇ ಮೂಗು. ಒಂದರ ಮೇಲೆ ಕೆಂಪು ಪೊರೆ, ಇನ್ನೊಂದು ಹಬೆಯಲ್ಲಿ ಬೆಂದ ಕಡುಬಿನಂತೆ ನುಣುಪು.

"ನೀವು ಏನ್ ಹಚ್ತೀರಾ?" ಎಂದು ಕೇಳಿದಳು.

"ಎಲ್ಲಿಗೆ?"

"ಮುಖಕ್ಕೆ."

"ಅಕ್ಕಿ ತೊಳೆದ ಕೈಯ್ಯ ಒಂದ್ಸಲ ಒರಸ್ಕತೀನಿ. ಅದ್ನೂ ಬೇಕಂತಲ್ಲ, ಟವಲ್ ಸಿಗ್ದೇ ಇದ್ದಾಗ."

ಯೊಮ್ ನಗಲಿಲ್ಲ. ಇಬ್ಬರನ್ನೂ ಒಳಗೆ ಕರೆದು ಕಾಫಿ ತರಿಸಿದಳು. ಅವಳು ಹೇಳಿದ್ದು ಇಷ್ಟು: ಹಬ್ಬದ ಮಾರಾಟದಲ್ಲಿ ಅವಳಿ ಅಕ್ಕತಂಗಿಯರು ಅಕ್ಕಪಕ್ಕ ಕೂರುತ್ತಾರೆ. ಇಬ್ಬನಿ ಹಚ್ಚುವ ಗುಮ್ರಾನ್ ಒಂದು ಕಡೆ, ಏನೂ ಹಚ್ಚದ ಕಡುಬಿನ ಓಕ್ರಾನ್ ಇನ್ನೊಂದು ಕಡೆ. ಆದರೆ ಗುಮ್ರಾನಳ ಕುರ್ಚಿಯಲ್ಲಿ ಓಕ್ರಾನ್ ಕೂರಬೇಕು, ಓಕ್ರಾನಳ ಕುರ್ಚಿಯಲ್ಲಿ ಗುಮ್ರಾನ್. ಹೆಸರುಗಳೂ ಹಾಗೆಯೇ ಅದಲುಬದಲು.

ಗುಮ್ರಾನಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಅಂದ್ರೆ ನಾನು... ಏನೂ ಹಚ್ಚದೆ ಕೆಟ್ಟೋಗಿರೋಳು?"

"ಅದೇ ನಿಮ್ಗೂ ಒಳ್ಳೇದಲ್ವಾ ಅಕ್ಕ? ಏನೂ ಹಚ್ಚದೇ ಇರ್ಬೋದು. ಡಾಕ್ಟ್ರು ಹೇಳಿದ್ದೂ ಅದೇ ತಾನೆ?"

ಸಿಟ್ಟಿಗೆದ್ದ ಗುಮ್ರಾನಳ ಬಾಯಲ್ಲಿ ಊರಿನ ಮಾತು ನುಗ್ಗಿ ಬಂತು. "ಸುಳ್ಳಿಗೂ ಒಂದ್ ಮಿತಿ ಬ್ಯಾಡ್ವಾ!" ಓಕ್ರಾನ್ ಅವಳ ತೊಡೆಯ ಮೇಲೆ ಕೈಯಿಟ್ಟಳು. "ಇರ್ಲಿ ಬಿಡಕ್ಕ. ನಿನ್ ಮುಖ ವಾಸಿಯಾಗ್ಲಿ. ಹಬ್ಬ ಕಳೆಯೋಗಂಟ ನಾನು ಕುಂತ್ಕತೀನಿ. ನಂಗೂ ಟೀವೀಲಿ ಬರೋ ಆಸೆ ಇರಾಕಿಲ್ವಾ?"

ಹೀಗೆ ಅದು ನಡೆಯಿತು. ಓಕ್ರಾನಳಿಗೆ ಸೀಸೆಗಳ ಸಾಲು ಗೊತ್ತಿರಲಿಲ್ಲ. ಕಿವಿಯೊಳಗಿಟ್ಟ ಪುಟ್ಟ ಯಂತ್ರದಲ್ಲಿ ಯೊಮ್ ಹೇಳಿಕೊಟ್ಟಳು, ಇವಳು ಒಪ್ಪಿಸಿದಳು. ಗುಮ್ರಾನಳ ಪಾಲಿಗೆ ಬಂದದ್ದು ಒಂದೇ ಮಾತು: "ನಾನು ಬರೀ ನೀರಲ್ಲಿ ತೊಳೀತಿದ್ದೆ, ಅದಕ್ಕೇ ಹಿಂಗಾಯ್ತು." ಕ್ಯಾಮೆರಾದ ಕೆಂಪು ದೀಪ ಹೊತ್ತಿಕೊಂಡಾಗ ಅದನ್ನು ತಲೆ ತಗ್ಗಿಸಿ ಹೇಳಿದಳು. ಯೊಮ್ ಅದನ್ನೂ ಮೆಚ್ಚಿಕೊಂಡಳು. ನಾಚಿಕೆ ನಿಜವಾದದ್ದರಂತೆ ಕಂಡಿತಂತೆ. ಪೆಟ್ಟಿಗೆಗಳೆಲ್ಲ ಹಬ್ಬಕ್ಕೆ ಮುಂಚೆಯೇ ಖಾಲಿಯಾದವು. ಯೊಮ್ ಇನ್ನೂ ಕೆಲವು ವಾರ ಅಂದಳು.

ಓಕ್ರಾನಳ ಫೋನಿಗೆ ನೊನ್‌ಸಾನ್‌ನವರೆಲ್ಲ ಮುಗಿಬಿದ್ದರು. "ಮೊನ್ನೆ ಚೆನ್ನಾಗಿದ್ಯಲ್ಲೇ, ಟೀವೀಲಿ ಮುಖಕ್ಕೆ ಏನಾಯ್ತೇ?" ಅವಳು ಊರಿಗೆ ಹೋಗುವಂತಿರಲಿಲ್ಲ. ಹೋದರೆ ಮುಖ ನೋಡಿದವರಿಗೆ ಗುಟ್ಟು ತಿಳಿಯುತ್ತದೆ. ಕಡುಬಿನ ಅಂಗಡಿಯ ಬಾಗಿಲು ಮುಚ್ಚಿತು. ಓಕ್ರಾನ್ ಅಕ್ಕನ ಮನೆಯ ಸಣ್ಣ ಕೋಣೆಯಲ್ಲಿ, ಪರದೆ ಎಳೆದುಕೊಂಡು, ಅಕ್ಕನ ಅಂಗಿ ತೊಟ್ಟು, ಅಕ್ಕನಂತೆ ಅಂಗಾತ ಮಲಗಿದಳು. ಕಂಪನಿಯವರು ದಿನಾ ಬಂದು ಇಬ್ಬನಿ ಹಚ್ಚಿಹೋಗುತ್ತಿದ್ದರು. ಹೊಸ ಕಾರ್ಯಕ್ರಮಗಳಲ್ಲಿ ಹತ್ತಿರದಿಂದ ತೋರಿಸಬೇಕು, ಹೊಳೆಯಬೇಕು.

ಇತ್ತ ಗುಮ್ರಾನಳ ಮುಖ ವಾಸಿಯಾಗತೊಡಗಿತು. ಬರಿ ನೀರು, ಡಾಕ್ಟರ ಮುಲಾಮು. ಒಂದು ಬೆಳಗ್ಗೆ ಕೆನ್ನೆ ತೊಳೆದಾಗ ಉರಿಯಲಿಲ್ಲ. ಅವಳು ಒದ್ದೆ ಮುಖದಲ್ಲೇ ಅಡುಗೆಮನೆಗೆ ಬಂದಳು. ಇನ್‌ಸು ಸೂಪು ಕುಡಿಯುವುದನ್ನು ನಿಲ್ಲಿಸಿ ನೋಡಿದ. ಏನೋ ಹೇಳಲು ಹೋಗಿ, ಕೈಯೊರೆಸಿಕೊಂಡು, ಅವಳ ಗಲ್ಲ ಮುಟ್ಟಿದ.

"ನಿಂದೇ ಮುಖ" ಎಂದ.

ಆದರೆ ಚಾನಲ್ಲಿನಲ್ಲಿ ಸೊಡಮ್ ಬೂದು ಬಣ್ಣದ ಪುಡಿ, ಕೆಂಪು ಪೆನ್ಸಿಲ್ಲು ಹಿಡಿದು ನಿಂತಿದ್ದಳು. "ಮುಂಚಿನ ಮುಖ ಹಾಗೇ ಇರ್ಬೇಕಂತೆ ಅಕ್ಕ. ಯೊಮ್ ಮೇಡಂ ಹೇಳಿದ್ದಾರೆ" ಎನ್ನುತ್ತ ವಾಸಿಯಾದ ಚರ್ಮದ ಮೇಲೆ ಕಲೆ, ಬಿರುಕು, ಕಣ್ಣಡಿಯಲ್ಲಿ ಕಪ್ಪು ಬರೆದಳು. ಚರ್ಮ ಕೆಟ್ಟಾಗ ಒಳ್ಳೆಯದನ್ನು ಬಳಿದರು, ಒಳ್ಳೆಯದಾದಾಗ ಕೆಟ್ಟದ್ದನ್ನು ಬಳಿಯುತ್ತಿದ್ದಾರೆ.

ಪಕ್ಕದ ಕುರ್ಚಿಯಲ್ಲಿ ಓಕ್ರಾನ್ ಕಿವಿಯ ಕೆಳಗೆ ಉಗುರಿನಿಂದ ಕೆರೆದುಕೊಳ್ಳುತ್ತಿದ್ದಳು. ಗುಮ್ರಾನ್ ಅವಳ ಕೂದಲು ಸರಿಸಿ ನೋಡಿದಳು. ದವಡೆಯುದ್ದಕ್ಕೂ ಸಣ್ಣ ಕೆಂಪು ಗುಳ್ಳೆಗಳು, ತನಗೆ ಮೊದಲು ಎದ್ದಿದ್ದ ಜಾಗದಲ್ಲೇ.

"ಯಾವಾಗಿಂದ ಇದು?"

"ಏನಿಲ್ಲ ಬುಡಕ್ಕ. ಸೆಕೆ."

"ಓಕ್ರಾನ್!"

"ಇನ್ನೊಂದೆರಡ್ ವಾರ ಅಲ್ವಾ? ತಡ್ಕತೀನಿ. ನೀನು ಐದೊರ್ಷ ತಡ್ಕಂಡಿಲ್ವಾ?"

ಕರೆ ಬಂತು. ಇಬ್ಬರೂ ದೀಪಗಳ ಕೆಳಗೆ ಕುಳಿತರು. ಓಕ್ರಾನ್ ಒಂದೊಂದೇ ಸೀಸೆ ಎತ್ತಿ ಹಚ್ಚುತ್ತ, ಕಿವಿಯಲ್ಲಿ ಕೇಳಿದ್ದನ್ನು ಒಪ್ಪಿಸುತ್ತ ಬಂದಳು. ಕೊನೆಗೆ ಕ್ಯಾಮೆರಾ ಗುಮ್ರಾನಳ ಕಡೆ ತಿರುಗಿತು. ಅವಳ ಮಾತಿನ ಸರದಿ.

ಗುಮ್ರಾನ್ ಮುಂದಿದ್ದ ನೀರಿನ ಲೋಟಕ್ಕೆ ಅಂಗಿಯ ತೋಳನ್ನು ಅದ್ದಿದಳು. ಕೆನ್ನೆ ಒರೆಸಿದಳು, ಹಣೆ ಒರೆಸಿದಳು, ಕಣ್ಣಡಿಯ ಕಪ್ಪನ್ನು ಉಜ್ಜಿ ತೆಗೆದಳು. ಬೂದು ಬಣ್ಣ ತೋಳಿಗಿಳಿದು ಸ್ವಚ್ಛವಾದ ಮುಖ ಹೊರಬಂತು. ಸೊಡಮ್ ಬಾಯಿಗೆ ಕೈ ಅಡ್ಡ ಹಿಡಿದಳು.

"ನಾನು ಬರೀ ನೀರಲ್ಲಿ ತೊಳೀತೀನಿ" ಎಂದಳು ಗುಮ್ರಾನ್ ಕ್ಯಾಮೆರಾಗೆ. "ನೋಡಿ. ಚೆನ್ನಾಗೇ ಇದೆ. ಇದು ಯಾವ್ದೂ ಬೇಡ."

ಯಾರೂ ಅಲುಗಲಿಲ್ಲ. ಆ ಒಂದು ಕ್ಷಣ ಗುಮ್ರಾನಳಿಗೆ ಎದೆಯ ಮೇಲಿನ ಕಲ್ಲು ಸರಿದಂತಾಯಿತು. ಮುಗಿಯಿತು, ಇನ್ನು ಮನೆಗೆ ಹೋಗಬಹುದು ಎಂದುಕೊಂಡಳು.

ಅಷ್ಟರಲ್ಲಿ ಓಕ್ರಾನ್ ಮಾತಾಡಿದಳು. ಕಿವಿಯಲ್ಲಿ ಯೊಮ್ ಆಡುತ್ತಿದ್ದ ಮಾತು ಅರ್ಥವಾಗುವ ಮುಂಚೆಯೇ, ರೂಢಿಯಂತೆ, ಬಾಯಿಂದ ಉದುರಿಬಿಟ್ಟಿತ್ತು. "ನೋಡಿದ್ರಾ ಪ್ರಿಯ ಗ್ರಾಹಕರೇ! ನನ್ನ ತಂಗಿಗೆ ನಾಚಿಕೆ, ಹೇಳಲ್ಲ. ಹೋದ ತಿಂಗಳಿಂದ ಕದ್ದುಮುಚ್ಚಿ ನನ್ ಇಬ್ಬನೀನೇ ಹಚ್ತಿದ್ಲು! ಹೋದ ತಿಂಗಳ ಮುಖ ಜ್ಞಾಪಕ ಇದ್ಯಾ? ಈಗ ನೋಡಿ!"

ಪರದೆಯ ಮೇಲೆ ಹಳೆಯ ಮುಖ, ಹೊಸ ಮುಖ ಅಕ್ಕಪಕ್ಕ ಬಂದವು. ಎರಡೂ ಗುಮ್ರಾನಳವೇ, ಎರಡೂ ನಿಜವಾದವೇ. ಫೋನುಗಳು ಹೊಡೆದುಕೊಳ್ಳತೊಡಗಿದವು. ಗುಮ್ರಾನ್ "ಇಲ್ಲ, ಇಲ್ಲ" ಎಂದದ್ದು ಸಂಗೀತದಲ್ಲಿ ಮುಳುಗಿಹೋಯಿತು. ನೋಡಿದವರಿಗೆ ಅದು ಸಂಕೋಚದಂತೆ ಕಂಡಿತು.

ಓಕ್ರಾನ್ ಅಕ್ಕನ ಕಡೆ ತಿರುಗಿದಾಗ ಅವಳ ಕಣ್ಣಲ್ಲಿ ನೀರಿತ್ತು. "ನಾನು ಯೋಳಿದ್ದಲ್ಲ ಕಣಕ್ಕ. ಅದು ಕಿವೀಲಿತ್ತು" ಎಂದಳು ತುಟಿಯಲ್ಲೇ. ಆ ಕಣ್ಣೀರನ್ನೂ ಕ್ಯಾಮೆರಾ ಹಿಡಿಯಿತು.

ಯೊಮ್ ಓಡಿಬಂದು ಇಬ್ಬರನ್ನೂ ತಬ್ಬಿಕೊಂಡಳು. "ಅಕ್ಕ, ಒಂದ್ ಮಾತು ಮೊದ್ಲೇ ಹೇಳಿದ್ರೆ ಇನ್ನೊಂದು ಕ್ಯಾಮೆರಾ ಇಡಿಸ್ತಿದ್ದೆ" ಎಂದಳು. ಅವಳ ಮುಖದಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಗುಮ್ರಾನ್ ಜಗಳವಾಡಬಹುದಿತ್ತು.

"ನಾನು ನಿಜ ಹೇಳ್ದೆ" ಎಂದಳು.

"ಹೌದು ಅಕ್ಕ. ಅದಕ್ಕೇ ಅಷ್ಟು ಚೆನ್ನಾಗಿ ಬಂತು."

ಕಾರಿಡಾರಿನಲ್ಲಿ ಶೆಡ್ಡಿನ ಹೆಂಗಸರು ಇಬ್ಬರು ಎದುರಾಗಿ, ಪೆಟ್ಟಿಗೆ ಸಾಲುತ್ತಿಲ್ಲ, ಹೊಸಬರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಾರಂತೆ ಎಂದು ಗುಮ್ರಾನಳ ಕೈ ಕುಲುಕಿದರು. ಅವಳು ತಲೆಬಾಗಿ ವಂದಿಸಿ ಮುಂದೆ ಹೋದಳು.

ಆ ಸಂಜೆ ಅವಳು ಯೊಮ್‌ಳ ಕೋಣೆಗೆ ಹೋಗಿ ಕೇಳಿದ್ದು ಒಂದೇ. ತಂಗಿಯನ್ನು ಊರಿಗೆ ಕಳಿಸಿ, ನನ್ನ ಕುರ್ಚಿ ನನಗೆ ಕೊಡಿ. ಮುಖ ವಾಸಿಯಾಗಿದೆಯಲ್ಲ, ಕೂರುತ್ತೇನೆ. ಯೊಮ್ ಸಂತೋಷದಿಂದಲೇ ಒಪ್ಪಿದಳು. ಓಕ್ರಾನ್ ನುಣುಪು ಮುಖದಲ್ಲಿ ಊರಿಗೆ ಹೋದರೂ ಈಗ ಗುಟ್ಟು ಒಡೆಯುವಂತಿರಲಿಲ್ಲ, ಅವಳಿಯ ಕಥೆಯೂ ಹಳೆಯದಾಗುತ್ತಿತ್ತು.

ಓಕ್ರಾನ್ ರೈಲು ಹತ್ತುವಾಗ ಜಗಳವಾಡಿದಳು, ಅತ್ತಳು, ಅಕ್ಕನನ್ನೂ ಎಳೆದುಕೊಂಡು ಹೋಗಲು ನೋಡಿದಳು. "ಅವ್ರ ಕರಾರ್ನ ತಗಂಡೋಗಿ ಒಲೆಗಾಕು!" ಎಂದಳು. ಗುಮ್ರಾನ್ ಅವಳ ದವಡೆಗೆ ಡಾಕ್ಟರ ಮುಲಾಮಿನ ಕೊನೆಯ ಚೂರು ಹಚ್ಚಿ ಕಳಿಸಿದಳು.

ಚಳಿಗಾಲ ಶುರುವಾದ ಮೇಲೆ ಒಂದು ಮಧ್ಯಾಹ್ನ, ಸೊಡಮ್ ಹಸಿರು ಪುಡಿ ಕಲಸುತ್ತಿದ್ದಾಗ, ಓಕ್ರಾನಳ ಫೋನು ಬಂತು. ಹಿಂದಿನಿಂದ ಹಬೆಯ ಸುಂಯ್ ಸದ್ದು, ಪೇಟೆಯ ಗದ್ದಲ.

"ಏನಕ್ಕ ಮಾಡಾದು? ಕಡುಬು ತಗಳಾಕ್ ಬಂದೋರು ನನ್ ಮೂತೀನೇ ನೋಡ್ತಾರೆ. ಇಬ್ಬನಿ ಅಚ್ಚಿದ್ಮೇಲೆ ಏನ್ ಚೆಂದ ಆಗೀಯೆ ಅಂತಾರೆ. ಅಚ್ಚಲ್ಲ ಕಣ್ರವ್ವ, ನೀರು, ಬರೀ ನೀರು ಅಂತ ಬಾಯ್ ಬಡ್ಕಂತೀನಿ. ಕಣ್ ಹೊಡ್ದು ನಗ್ತಾರೆ. ನಮ್ ಎದುರ್ಮನೆ ಮುದುಕಿನೂ ಒಂದ್ ಪೆಟ್ಗೆ ತರಿಸ್ಕಂಡವ್ಳೆ. ಎಂಬತ್ತೊರ್ಷದೋಳು!"

ಗುಮ್ರಾನ್ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಸೊಡಮ್ ಕುಂಚ ಇಡುತ್ತಿದ್ದ ಕಡೆಯೆಲ್ಲ ಮತ್ತೆ ಉರಿ ಏಳುತ್ತಿತ್ತು.

"ನಿನ್ ದವಡೆ?"

"ಊರಿಗ್ ಬಂದ್ ವಾರಕ್ಕೇ ವಾಸಿಯಾಯ್ತು. ನೀನ್ ಯಾವಾಗ ಬತ್ತೀಯೆ? ಒಂದಿನ ಬಾರಕ್ಕ. ಕಡುಬು ಬೇಯ್ಸೋವಾಗ ಅಬೆ ಮುಂದೆ ಕುಂತ್ಕ ಸಾಕು."

"ಬರ್ತೀನಿ" ಎಂದಳು ಗುಮ್ರಾನ್. "ಮೋಡ ಇರೋ ದಿನ ನೋಡ್ಕೊಂಡು ಬರ್ತೀನಿ ಕಣೆ."

ಬಾಗಿಲಿನ ಆಚೆಯಿಂದ ಯಾರೋ ಗುಮ್ರಾನಳ ಹೆಸರು ಕೂಗಿದರು. ಫೋನು ಕೆಳಗಿಟ್ಟು, ಅಂಗಿ ಸರಿಪಡಿಸಿಕೊಂಡು ಅವಳು ದೀಪಗಳ ಕಡೆ ನಡೆದಳು.