ನರಿಗೆ ತಕ್ಕ ನಳಿಗೆ

ಶಹಾಪುರದ ಗೊಬ್ಬರದಂಗಡಿಯ ಮಲ್ಲಣ್ಣ ನರಿಯನ್ನು ಹೊಡೆಯಬೇಕೆಂದು ತೀರ್ಮಾನಿಸಿದ್ದು ಮಾರ್ಚ್ ಮೊದಲ ವಾರದಲ್ಲಿ. ಯಾವ ಬಂದೂಕಿನಿಂದ ಹೊಡೆಯಬೇಕೆಂಬುದು ಮಾತ್ರ ತಿಂಗಳು ಕಳೆದರೂ ತೀರ್ಮಾನವಾಗಲಿಲ್ಲ.

ಭೀಮರಾಯನಗುಡಿ ದಾಟಿದ ಮೇಲೆ ಕಾಲುವೆ ಪಕ್ಕದಲ್ಲಿ ಅವನದು ಆರು ಎಕರೆ ಹೊಲ. ಅದರಲ್ಲಿ ಎರಡು ಎಕರೆಗೆ ಕಲ್ಲಂಗಡಿ ಹಾಕಿದ್ದ. ಹಣ್ಣು ಕೆಂಪಾಗುವ ಹೊತ್ತಿಗೆ ನರಿ ಬರತೊಡಗಿತು. ಒಂದು ಹಣ್ಣನ್ನು ಪೂರ್ತಿ ತಿಂದು ಮುಗಿಸುವ ಸಭ್ಯತೆ ಅದಕ್ಕಿರಲಿಲ್ಲ. ಹತ್ತಕ್ಕೆ ಬಾಯಿ ಹಾಕಿ, ಹನ್ನೊಂದನೆಯದರ ರುಚಿ ನೋಡಿ, ಹನಿ ನೀರಾವರಿಯ ಪೈಪು ಕಚ್ಚಿ ನೀರು ಕುಡಿದು ಹೋಗುತ್ತಿತ್ತು. ಮಲ್ಲಣ್ಣ ಅದನ್ನು ಕಣ್ಣಾರೆ ಕಂಡಿರಲಿಲ್ಲ. ಹಲ್ಲಿನ ಗುರುತು ನೋಡಿಯೇ ಅದು ಕರುವಿನಷ್ಟು ದೊಡ್ಡದಿರಬೇಕೆಂದು ಅಂದಾಜು ಮಾಡಿದ್ದ.

ತಂದೆಯ ಕಾಲದಿಂದ ಬಂದ ಬೆಳೆ ರಕ್ಷಣೆಯ ಬಂದೂಕಿನ ಲೈಸೆನ್ಸು ಅವನ ಹೆಸರಿಗಾಗಿತ್ತು. ಬಂದೂಕು ಮಾತ್ರ ಇರಲಿಲ್ಲ. ಯಾದಗಿರಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ಸುನೀಲಕುಮಾರ, ಅಂದರೆ ಮಲ್ಲಣ್ಣನ ಹೆಂಡತಿ ಗುರುದೇವಿಯ ತಮ್ಮ, ವಿಷಯ ಕೇಳಿದ ದಿನವೇ ಮೋಟಾರ್ ಸೈಕಲ್ ಹತ್ತಿ ಬಂದ. ಅಮೆರಿಕದ ಬಯಲಿನಲ್ಲಿ ಕೊಯೋಟಿ ಬೇಟೆಯಾಡುವವರ ವಿಡಿಯೋಗಳನ್ನು ಅವನು ಎರಡು ವರ್ಷದಿಂದ ನೋಡುತ್ತಿದ್ದ. ಯಾಕೆಂದು ಯಾರೂ ಕೇಳಿರಲಿಲ್ಲ.

"ಕೊಯೋಟಿ ಅಂದ್ರ ಅವರ ಕಡಿ ನರಿ, ಮಾಮಾ," ಎಂದ. "ದಪ್ಪ ನಳಗಿ ರೈಫಲ್ ತಗೊಳ್ರಿ. ನಳಗಿ ಲಗೂನ ಕಾದು ಬಿಸಿ ಆಗಂಗಿಲ್ಲ. ಇಪ್ಪತ್ತು ಗುಂಡು ಹಾರಿಸಿದ್ರೂ ಗುರಿ ಅಲ್ಲಾಡಂಗಿಲ್ಲ."

"ತೂಕ ಎಷ್ಟಿರ್ತದ?"

"ಐದಾರು ಕೇಜಿ."

"ನನ್ನ ಮೊಣಕಾಲಿಗೆ ನಾನೇ ಭಾರ ಆಗೀನಿ. ಸಣ್ಣ ನಳಗಿದು ಸಾಕು."

"ಸಣ್ಣದು ಹಗುರ ಇರ್ತದ, ಖರೆ. ಉಸಿರು ಬಿಟ್ರೂ ಅಲ್ಲಾಡ್ತದ."

ಮಲ್ಲಣ್ಣ ಆ ದಿನದಿಂದ ಉಸಿರಿನ ಬಗ್ಗೆ ಯೋಚಿಸತೊಡಗಿದ. ಅಂಗಡಿಗೆ ಯೂರಿಯಾ ಕೇಳಲು ಬಂದವರು ನಳಿಗೆಯ ಬಗ್ಗೆ ಅಭಿಪ್ರಾಯ ಕೊಟ್ಟು ಹೋದರು. ಬಂದೂಕು ಮುಟ್ಟದವರ ಅಭಿಪ್ರಾಯವೇ ಎಲ್ಲಕ್ಕಿಂತ ಗಟ್ಟಿಯಾಗಿತ್ತು. ಸೋಮವಾರ ದಪ್ಪ ನಳಿಗೆಯ ಪಕ್ಷ ಗೆದ್ದರೆ ಗುರುವಾರ ಸಂತೆಗೆ ಬಂದವರು ಸೇರಿ ಸಣ್ಣ ನಳಿಗೆಯನ್ನು ಗೆಲ್ಲಿಸುತ್ತಿದ್ದರು. ಈ ನಡುವೆ ನರಿ ಎರಡನೆಯ ಸಾಲು ಮುಗಿಸಿತು.

ಕೊನೆಗೆ ಬಲ್ಲವರನ್ನೇ ಕೇಳೋಣವೆಂದು ಮಲ್ಲಣ್ಣ ಸುರಪುರಕ್ಕೆ ಹೋದ. ಅಲ್ಲಿನ ಮುಷರಫನ ಅಜ್ಜ ಬಂದೂಕು ರಿಪೇರಿಯಲ್ಲಿ ಹೆಸರುವಾಸಿಯಾಗಿದ್ದ. ಮುಷರಫ ಈಗ ಪಂಪಿನ ಮೋಟಾರು ರಿಪೇರಿ ಮಾಡುತ್ತಿದ್ದ. ಕೈಗೆ ಹತ್ತಿದ ಗ್ರೀಸು ಒರೆಸಿಕೊಳ್ಳುತ್ತ ಎಲ್ಲವನ್ನೂ ಕೇಳಿಸಿಕೊಂಡ.

"ಇಪ್ಪತ್ತು ಗುಂಡು ಹಾರಿಸಿದ್ರೂ ನಳಗಿ ಬಿಸಿ ಆಗಂಗಿಲ್ಲ ಅಂತೀರಿ. ಅಲ್ಲಿತನಕ ನರಿ ನಿಂದರ್ತದೇನ್ರಿ ಸಾವಕಾರ್ರ?"

ಮಲ್ಲಣ್ಣ ಈ ದಿಕ್ಕಿನಿಂದ ಯೋಚಿಸಿರಲಿಲ್ಲ. "ಅಂದ್ರ ಹಗುರದ್ದೇ ತಗೊಳ್ಳಲೇನು?"

"ಹಗುರದ್ದು ಹೊತ್ಕೊಂಡು ಹೊಲ ಸುತ್ತೋರಿಗೆ ಚಲೋ. ನೀವು ಸುತ್ತತೀರೇನು?"

ಉತ್ತರ ಹೇಳುವ ಮೊದಲು ಸುತ್ತಿ ನೋಡುವುದು ಒಳ್ಳೆಯದೆಂದು ಮಲ್ಲಣ್ಣನಿಗೆ ಅನಿಸಿತು. ಸುನೀಲಕುಮಾರ ಫೋನಿನಲ್ಲಿ ಪ್ರಯೋಗದ ವಿಧಾನ ಹೇಳಿಕೊಟ್ಟ. ಭಾರದ ಬಂದೂಕಿನ ಬದಲು ಮನೆಯ ಹಾರೆ, ಹಗುರದ ಬದಲು ಬಿದಿರುಕೋಲು. ಒಂದು ದಿನ ಅದು, ಒಂದು ದಿನ ಇದು.

ಮರುದಿನ ಬೆಳಗಿನ ಜಾವ ಹೊರಟವನನ್ನು ಗುರುದೇವಿ ಬಾಗಿಲಲ್ಲಿ ತಡೆದಳು.

"ಹಾರಿ ಹೊತ್ಕೊಂಡು ಎಲ್ಲಿಗಿ ಹೊಂಟೀರಿ?"

"ನಡ್ಯಾಕ."

"ಡಾಕ್ಟರು ದಿನಾ ನಡೀರಿ ಅಂದಿದ್ರು. ಹಾರಿ ತಗೊಂಡು ನಡೀರಿ ಅಂದಿದ್ದಿಲ್ಲ."

ಮಲ್ಲಣ್ಣ ಹೊಲದಲ್ಲಿ ಬಹಳ ಶ್ರದ್ಧೆಯಿಂದ ಕೆಲಸ ಮಾಡಿದ. ಐವತ್ತು ಹೆಜ್ಜೆಗೊಂದು ಸುಣ್ಣದ ಗೆರೆ ಎಳೆದ. ಲಿಂಬೆಹಣ್ಣಿನಷ್ಟು ಜಾಗದಲ್ಲಿ ಗುಂಡು ಬೀಳಬೇಕು, ಗುರಿಗೆ ಲಿಂಬೆಹಣ್ಣೇ ಇಡಿ ಎಂದು ಸುನೀಲಕುಮಾರ ಹೇಳಿದ್ದರಿಂದ ಪ್ರತಿ ಗೆರೆಯ ಕೊನೆಯಲ್ಲಿ ಕಲ್ಲಿಟ್ಟು ಅದರ ಮೇಲೊಂದು ಲಿಂಬೆಹಣ್ಣು ಇಟ್ಟ. ಗಾಳಿಯ ದಿಕ್ಕು ತಿಳಿಯಲು ಕೋಲಿಗೆ ಕೆಂಪು ಬಟ್ಟೆಯ ಚೂರು ಕಟ್ಟಿದ. ಆಮೇಲೆ ಹಾರೆಯನ್ನು ಮುಂದೆ ಚಾಚಿ, ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ, ಉಸಿರು ಹಿಡಿದು, ಒಂದು ಕಣ್ಣು ಮುಚ್ಚಿದ. ಏಳು ದಿನ ಹೀಗೆ ನಡೆಯಿತು. ಕಾಲುವೆ ದಾರಿಯಲ್ಲಿ ಹೋಗುವವರು ಬೈಕು ನಿಲ್ಲಿಸಿ ನೋಡಿ, ಏನೂ ಕೇಳದೆ ಮುಂದೆ ಹೋಗುತ್ತಿದ್ದರು. ತನ್ನ ಏಕಾಗ್ರತೆಗೆ ಜನ ಗೌರವ ಕೊಡುತ್ತಿದ್ದಾರೆಂದು ಮಲ್ಲಣ್ಣ ತಿಳಿದುಕೊಂಡ.

ಎಂಟನೆಯ ದಿನ ಹೋಗಿ ನೋಡಿದರೆ ಹೊಲದ ತುಂಬ ಗುಂಡಿ. ಎಣಿಸಿದಾಗ ಹದಿನೇಳಾದವು. ಲಿಂಬೆಹಣ್ಣು ಇಟ್ಟಿದ್ದ ಜಾಗಗಳಲ್ಲಿ ಆಳು ಇಳಿಯುವಷ್ಟು ಆಳ ತೋಡಿದ್ದರು. ಪೈಪುಗಳು ತುಂಡಾಗಿದ್ದವು. ಬಳ್ಳಿಗಳು ಬುಡಮೇಲಾಗಿದ್ದವು. ಒಂದು ತಿಂಗಳಲ್ಲಿ ನರಿ ಮಾಡಲಾಗದ್ದನ್ನು ಶಹಾಪುರ ತಾಲೂಕಿನ ಜನ ಒಂದು ರಾತ್ರಿಯಲ್ಲಿ ಮಾಡಿ ಮುಗಿಸಿದ್ದರು. ಮಲ್ಲಣ್ಣ ಬದುವಿನ ಮೇಲೆ ಕೂತುಬಿಟ್ಟ. ಅಷ್ಟರಲ್ಲಿ ಠಾಣೆಯಿಂದ ಕರೆ ಬಂತು.

ಪಿಎಸ್‌ಐ ಸೌಭಾಗ್ಯ ಮೂವತ್ತರ ಹೆಣ್ಣುಮಗಳು, ಹೆಚ್ಚು ಮಾತಿನವಳಲ್ಲ. ಮೇಜಿನ ಮೇಲೆ ಯಾರೋ ಮೊಬೈಲಿನಲ್ಲಿ ತೆಗೆದ ಫೋಟೋಗಳಿದ್ದವು. ಸುಣ್ಣದ ಗೆರೆ, ಲಿಂಬೆಹಣ್ಣು, ಕೆಂಪು ಬಟ್ಟೆ, ಹಾರೆಯ ಮುಂದೆ ಅಡ್ಡಬಿದ್ದ ಮಲ್ಲಣ್ಣ.

"ನಿಧಿ ತಗಿಯಾಕ ಪೂಜಾ ಮಾಡಾಕತ್ತೀರಿ ಅಂತ ದೂರು ಬಂದದ. ಖರೆ ಏನ್ರಿ?"

"ಇಲ್ರಿ ಮೇಡಂ. ನಾನು ನರಿ ಹೊಡಿಯಾಕ ತಯಾರಿ ನಡಸಿದ್ದೆ."

ಸೌಭಾಗ್ಯ ಪೆನ್ನು ಕೆಳಗಿಟ್ಟಳು. "ಸಾವಕಾಶ ಯೋಚಿಸಿ ಹೇಳ್ರಿ. ನರಿ ಹೊಡಿಯೋದು ದೊಡ್ಡ ಅಪರಾಧ ಅದ. ಹುಲಿಗೆ ಇರೋ ಕಾನೂನೇ ಅದಕ್ಕೂ ಅದ. ಮೂರರಿಂದ ಏಳು ವರ್ಷ."

"ನನ್ನ ಹತ್ರ ಲೈಸೆನ್ಸ್ ಅದ್ರಿ."

"ಬಂದೂಕ ಇಟ್ಕೊಳ್ಳಾಕ ಅದ. ನರಿ ಹೊಡಿಯಾಕಲ್ಲ."

ಒಂದು ತಿಂಗಳ ಚರ್ಚೆಯಲ್ಲಿ ನಳಿಗೆಯ ದಪ್ಪ, ಗಾಳಿಯ ವೇಗ, ಉಸಿರಿನ ಲೆಕ್ಕ ಎಲ್ಲ ಬಂದು ಹೋಗಿದ್ದವು. ಈ ಮಾತನ್ನು ಮಾತ್ರ ಒಬ್ಬರೂ ಎತ್ತಿರಲಿಲ್ಲ.

"ನಿಧಿ ಅಂದ್ರ ಏನಾಗ್ತದ್ರಿ?" ಎಂದು ಮೆಲ್ಲಗೆ ಕೇಳಿದ.

"ಏನಾರ ಸಿಕ್ಕದ?"

"ಇಲ್ರಿ."

"ಹಂಗಿದ್ರ ಮುಚ್ಚಳಿಕೆ ಬರೆಸ್ಕೊಂಡು ಕಳಸ್ತೀನಿ."

ಇಡೀ ತಿಂಗಳು ಭಾರದ್ದೋ ಹಗುರದ್ದೋ ಎಂದು ತೂಗಾಡಿದ್ದವನು ಇಲ್ಲಿ ಅರ್ಧ ನಿಮಿಷವೂ ತೆಗೆದುಕೊಳ್ಳಲಿಲ್ಲ. "ನಿಧಿನೇ ಬರಕೊಳ್ರಿ ಮೇಡಂ," ಎಂದ. ಇನ್ನು ಮುಂದೆ ನಿಧಿ ಹುಡುಕುವುದಿಲ್ಲವೆಂದು ಬರೆದು ಸಹಿ ಹಾಕಿ ಹೊರಗೆ ಬಂದ.

ಊರು ಅವನ ಸಹಿಯನ್ನು ಬೇರೆಯೇ ರೀತಿಯಲ್ಲಿ ಓದಿತು. ಇನ್ನು ಹುಡುಕುವುದಿಲ್ಲ ಎಂದನೆಂದರೆ ಸಿಕ್ಕಿದೆ ಎಂದೇ ಅರ್ಥವಾಯಿತು. ಮೂರು ಊರಿನ ಗುಡಿ ಕಮಿಟಿಯವರು ದೇಣಿಗೆ ಪಟ್ಟಿ ಹಿಡಿದು ಬಂದರು. ಎಂದೂ ಕೂಡು ಎನ್ನದವರು ಕುರ್ಚಿ ಎಳೆದು ಕೂಡಿಸಿದರು. ಯಾವುದೋ ಇಲಾಖೆಯವರು ಬಂದು ಗುಂಡಿಗಳ ಸುತ್ತ ಹಗ್ಗ ಕಟ್ಟಿ, ಪರಿಶೀಲನೆ ಮುಗಿಯುವವರೆಗೆ ಯಾರೂ ಒಳಗೆ ಬರಬಾರದೆಂದು ಬೋರ್ಡು ನೆಟ್ಟು ಹೋದರು. ಬೋರ್ಡು ಓದಲು ಬಾರದ ನರಿ ಪರಿಶೀಲನೆ ಮುಗಿಯಲು ಹಿಡಿದ ಹತ್ತು ದಿನ ಒಬ್ಬಂಟಿಯಾಗಿ, ನಿಶ್ಚಿಂತೆಯಿಂದ ಉಂಡಿತು.

ಭಾನುವಾರ ಸುನೀಲಕುಮಾರ ಬಂದ. ಊಟವಾದ ಮೇಲೆ ಬಾಗಿಲು ಸರಿಸಿ ಹತ್ತಿರ ಕೂತ.

"ಮಾಮಾ, ಮಂದಿಗಿ ಹೇಳಬ್ಯಾಡ್ರಿ. ನನಗಾರ ಹೇಳ್ರಿ. ಏನು ಸಿಕ್ತು?"

"ಹುಚ್ಚದೀಯೇನು? ಲಿಂಬಿಹಣ್ಣು ಇಡು ಅಂದವ ನೀನಽ ಅಲ್ಲ?"

"ನಾನು ಇಡ್ರಿ ಅಂದೆ. ಆದ್ರ ಅಲ್ಲೇ ಯಾಕ ಇಟ್ರಿ?"

ಗುರುದೇವಿ ಏನೂ ಕೇಳಲಿಲ್ಲ. ಅಟ್ಟದ ಮೇಲಿನ ಖಾಲಿ ಟ್ರಂಕನ್ನು ಮಾತ್ರ ಇಳಿಸಿ, ಒರೆಸಿ, ಹೊಸ ಬೀಗ ಹಾಕಿಟ್ಟಳು.

ಬೋರ್ಡು ಕಿತ್ತ ಮರುದಿನ ನಸುಕಿನಲ್ಲಿ ಮಲ್ಲಣ್ಣ ಬರಿಗೈಯಲ್ಲಿ ಹೊಲಕ್ಕೆ ಹೋದ. ಆ ಕಡೆ ಕುರಿ ಮೇಯಿಸುವ ಮಲ್ಕಪ್ಪ ಬದುವಿನ ಮೇಲೆ ಕಂಬಳಿ ಹೊದ್ದು ಕೂತಿದ್ದ. ಮಾತಾಡಬೇಡಿರೆಂದು ಕೈಸನ್ನೆ ಮಾಡಿ ಗುಂಡಿಯ ಕಡೆ ತೋರಿಸಿದ. ಗುಂಡಿಯ ಅಂಚಿನಲ್ಲಿ ಬಡಕಲು ಪ್ರಾಣಿಯೊಂದು ಒಡೆದ ಹಣ್ಣಿಗೆ ಮುಖ ಹಾಕಿ ನಿಂತಿತ್ತು. ಬೀದಿನಾಯಿಗಿಂತ ಸಣ್ಣದು. ಬಾಲ ಕೂಡ ಸರಿಯಾಗಿರಲಿಲ್ಲ. ತಲೆ ಎತ್ತಿ ಇಬ್ಬರನ್ನೂ ನೋಡಿತು. ಅವಸರವಿಲ್ಲದೆ ಜಾಲಿ ಕಂಟಿಯೊಳಗೆ ಹೋಯಿತು.

"ಇಷ್ಟೇ ಏನು?" ಎಂದ ಮಲ್ಲಣ್ಣ.

"ಇಷ್ಟಽ ರಿ. ಈ ಬದುವಿಗಿ ನನ್ನ ಕುರಿಹಟ್ಟಿ ಹಾಕ್ತೀನಿ. ನಾಕು ನಾಯಿ ಅದಾವ. ಮತ್ತ ಈ ಕಡಿ ಬರಂಗಿಲ್ಲ."

"ಮೊದಲಽ ಯಾಕ ಹೇಳಲಿಲ್ಲೋ ಮಲ್ಕಪ್ಪ?"

"ನೀವು ಪೂಜಾದಾಗ ಇದ್ರಿ. ನಡುವ ಬಾಯಿ ಹಾಕಬಾರದು ಅಂತ ಸುಮ್ನಿದ್ದೆ."

ಅದೇ ದಿನ ಹಟ್ಟಿ ಬಂತು, ನಾಯಿಗಳೂ ಬಂದವು. ನರಿ ಮತ್ತೆ ಬರಲಿಲ್ಲ. ಉಳಿದ ಹಣ್ಣು ಒಂದು ಟ್ರ್ಯಾಲಿಯಷ್ಟಾಗಿ ಯಾದಗಿರಿಗೆ ಹೋಯಿತು. ಟ್ರ್ಯಾಲಿ ಹೋದ ಮೇಲೆ ಇಬ್ಬರೂ ಸೇರಿ ಗುಂಡಿ ಮುಚ್ಚತೊಡಗಿದರು. ಹದಿನೇಳನೆಯದಕ್ಕೆ ಮಣ್ಣು ಎಳೆಯುವಾಗ ಮಲ್ಕಪ್ಪ ಸೊಂಟ ನೆಟ್ಟಗೆ ಮಾಡಿ ನಕ್ಕ.

"ಮಂದಿಗಿ ಬುದ್ಧಿಲ್ರಿ. ನಮ್ಮಪ್ಪ, ಅವರಪ್ಪ ಎಲ್ಲಾ ಈ ನೆಲದಾಗ ಕುರಿ ಕಾದವ್ರು. ಇಲ್ಲೇನದ? ಬರೇ ಕರಿಮಣ್ಣು. ಯಾವ ನಿಧಿನೂ ಇಲ್ಲ."

ಇಷ್ಟು ದಿನದಲ್ಲಿ ಮಲ್ಲಣ್ಣನಿಗೆ ನಿಧಿ ಸಿಕ್ಕಿಲ್ಲವೆಂದು ನಂಬಿದವನು ಅವನೊಬ್ಬನೇ. ಹೌದು ಹೌದು ಎಂದು ಮಲ್ಲಣ್ಣ ತಲೆಯಾಡಿಸಿದ. ಆದರೂ ಯಾಕೋ ಮನಸ್ಸಿಗೆ ತುಸು ಬೇಸರವಾಯಿತು. ಸಲಿಕೆ ಊರಿ ನಿಂತು ಇನ್ನೂ ಮುಚ್ಚದ ಆ ಗುಂಡಿಯೊಳಗೆ ಒಂದು ಸಲ ಬಗ್ಗಿ ನೋಡಿದ.